ಆಟದ ಕೊನೆಯಿಂದ ಕಲಿಯತೊಡಗಿದೆ: ನಡುವಯಸ್ಸಿನ ಚದುರಂಗದ ಅನುಭವ

ನನಗೆ ಚದುರಂಗ ಕಲಿಸಿದವರು ನಮ್ಮಜ್ಜ. ಅವರ ಹಳೆಯ ದೇಶೀ ನಿಯಮದ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸಾಗುತ್ತಿತ್ತು, ಚೆಕ್ ಬೀಳುವ ಮೊದಲು ರಾಜ ಒಂದು ಸಲ ಕುದುರೆಯಂತೆ ಹಾರಬಹುದಿತ್ತು, ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್ ಎಂಬುದು ಇರಲೇ ಇಲ್ಲ. ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಆಡಿದ ಆ ಆಟದ ಬಲದಿಂದಲೇ ನನಗೆ ಚದುರಂಗ ಬರುತ್ತದೆಂದು ಬಹಳ ವರ್ಷ ನಂಬಿದ್ದೆ. ಮೂವತ್ತೇಳನೆಯ ವಯಸ್ಸಿನಲ್ಲಿ, ಮಗಳನ್ನು ಶಿವಮೊಗ್ಗದ ಒಂದು ಪಂದ್ಯಾವಳಿಗೆ ಕರೆದುಕೊಂಡು ಹೋದಾಗ, ಮುಕ್ತ ವಿಭಾಗದಲ್ಲಿ ನನ್ನ ಹೆಸರನ್ನೂ ಬರೆಸಿದೆ.

ಮೂರನೆಯ ಸುತ್ತಿನಲ್ಲಿ ನನ್ನೆದುರು ಕುಳಿತದ್ದು ಹತ್ತು ವರ್ಷದ ಹುಡುಗ. ಆನೆ, ಒಂಟೆ, ಮಂತ್ರಿ ಎಲ್ಲವೂ ಹಲಗೆಯಿಂದ ಇಳಿದು, ಕೊನೆಗೆ ಇಬ್ಬರ ರಾಜರೂ ನನ್ನದೊಂದು ಕಾಲಾಳೂ ಉಳಿದವು. ಗೆದ್ದೆನೆಂದುಕೊಂಡು ಕಾಲಾಳನ್ನು ಬೇಗಬೇಗ ಮುಂದೆ ತಳ್ಳಿದೆ. ಹುಡುಗ ಅವಸರಪಡದೆ ತನ್ನ ರಾಜನನ್ನು ಅದರ ಮುಂದೆ ತಂದು ನಿಲ್ಲಿಸಿದ. ಕಾಲಾಳು ಏಳನೆಯ ಮನೆ ತಲುಪಿದಾಗ ಅದನ್ನು ಕಾಯಲು ನನ್ನ ರಾಜ ಅದರ ಬೆನ್ನ ಹಿಂದೆಯೇ ಬರಬೇಕಾಯಿತು. ಬಂದ ಕೂಡಲೇ ಅವನ ರಾಜನಿಗೆ ಚೆಕ್ ಇಲ್ಲ, ಸರಿಯಲು ಮನೆಯೂ ಇಲ್ಲ. ಸ್ಟೇಲ್‌ಮೇಟ್ ಆಗಿ ಆಟ ಡ್ರಾ ಆಯಿತು. ಅವನು ಕೈಕುಲುಕಿ, "ಅಂಕಲ್, ರಾಜನನ್ನು ಮೊದಲು ತರಬೇಕಿತ್ತು" ಎಂದ. ನನ್ನ ಕಲಿಕೆ ನಿಜವಾಗಿ ಆರಂಭವಾದದ್ದು ಆ ಮಾತಿನಿಂದ.

ಅಂದು ಮನೆಗೆ ಬಂದು ಹಲಗೆಯ ಮೇಲೆ ಆ ಮೂರು ಕಾಯಿಗಳನ್ನಷ್ಟೇ ಇಟ್ಟುಕೊಂಡು ಕುಳಿತೆ. ಬಿಳಿಯ ರಾಜ ಇ4ರಲ್ಲಿ, ಬಿಳಿಯ ಕಾಲಾಳು ಇ3ರಲ್ಲಿ, ಕಪ್ಪು ರಾಜ ಇ6ರಲ್ಲಿ (ಅಕ್ಷರ ಹಲಗೆಯ ಉದ್ದಸಾಲು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ಇಬ್ಬರು ರಾಜರ ನಡುವೆ ಒಂದೇ ಮನೆಯ ಅಂತರ. ಈಗ ನಡೆ ಕಪ್ಪಿನದಾದರೆ ಬಿಳಿ ಗೆಲ್ಲುತ್ತದೆ, ಏಕೆಂದರೆ ಕಪ್ಪು ರಾಜ ಪಕ್ಕಕ್ಕೆ ಸರಿದ ಕೂಡಲೇ ಬಿಳಿಯ ರಾಜ ಇನ್ನೊಂದು ಪಕ್ಕದಿಂದ ಮುಂದೆ ನುಗ್ಗುತ್ತಾನೆ. ನಡೆ ಬಿಳಿಯದಾದರೆ ಆಟ ಡ್ರಾ. ಇದೇ ಸ್ಥಿತಿಯಲ್ಲಿ ಬಿಳಿಯ ಕಾಲಾಳು ಒಂದು ಮನೆ ಹಿಂದೆ, ಇ2ರಲ್ಲಿ ಇದ್ದರೆ ಮಾತ್ರ ಕಥೆ ಬೇರೆ: ಬಿಳಿ ಅದನ್ನು ಇ3ಕ್ಕೆ ತಂದು, ಸರಿಯಬೇಕಾದ ಸರದಿಯನ್ನು ಎದುರಾಳಿಗೆ ದಾಟಿಸಿ ಗೆಲ್ಲುತ್ತದೆ. ಹಿಂದೆ ಉಳಿದ ಕಾಲಾಳೇ ಹೆಚ್ಚು ಬೆಲೆಯದು ಎಂಬುದನ್ನು ಕೈಯಾರೆ ಕಾಯಿ ನಡೆಸಿ ಕಂಡ ಆ ರಾತ್ರಿಯ ಸಂತೋಷ ನನಗೆ ಇನ್ನೂ ನೆನಪಿದೆ. ರಾಜರು ಹೀಗೆ ಎದುರುಬದುರು ನಿಲ್ಲುವುದಕ್ಕೆ ಆಪೋಸಿಷನ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಗಂಭೀರವಾಗಿ ಕಲಿಯಬೇಕೆನ್ನುವವರು ಸಾಮಾನ್ಯವಾಗಿ ಓಪನಿಂಗ್‌ಗಳನ್ನು, ಅಂದರೆ ಆಟದ ಆರಂಭದ ನಡೆಗಳ ಸಾಲುಗಳನ್ನು, ಬಾಯಿಪಾಠ ಮಾಡತೊಡಗುತ್ತಾರೆ. ನಾನೂ ಎರಡು ತಿಂಗಳು ಅದನ್ನೇ ಮಾಡಿದ್ದೆ. ನಮ್ಮ ಮಟ್ಟದ ಎದುರಾಳಿ ಐದನೆಯ ನಡೆಗೇ ಪಾಠದಿಂದ ಆಚೆ ಹೋಗುವುದರಿಂದ ಆ ಶ್ರಮ ಬಹುಪಾಲು ವ್ಯರ್ಥವಾಯಿತು. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕಪಾಬ್ಲಾಂಕಾ, ಕಲಿಯುವವರು ಅಂತ್ಯದಾಟವನ್ನು ಮೊದಲು ಅಭ್ಯಾಸ ಮಾಡಬೇಕೆಂದು ಹೇಳುತ್ತಿದ್ದರು. ಕಾಯಿಗಳು ಕಡಿಮೆಯಿದ್ದಾಗ ಒಂದೊಂದರ ಶಕ್ತಿಯೂ ಸ್ಪಷ್ಟವಾಗಿ ಕಾಣುತ್ತದೆ, ಯಾವ ಕಾಯಿಯನ್ನು ಯಾವಾಗ ಬದಲಾಯಿಸಿಕೊಳ್ಳಬೇಕೆಂಬ ತೀರ್ಮಾನವೂ ಅಲ್ಲಿಂದಲೇ ಹುಟ್ಟುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟವನ್ನು ನಾನು ನೇರಪ್ರಸಾರದಲ್ಲಿ ನೋಡುತ್ತಿದ್ದೆ. ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ಇಟ್ಟರು. ಎದುರಾಳಿ, ಭಾರತದ ಗುಕೇಶ್ ಆನೆಗಳನ್ನೂ ಬಳಿಕ ಒಂಟೆಗಳನ್ನೂ ಬದಲಾಯಿಸಿಕೊಂಡರು. ಉಳಿದದ್ದು ರಾಜರು, ಗುಕೇಶ್‌ರ ಎರಡು ಕಾಲಾಳು, ಡಿಂಗ್‌ರ ಒಂದು ಕಾಲಾಳು, ಅಂದರೆ ಗುಕೇಶ್ ಗೆಲ್ಲುವ ಅಂತ್ಯದಾಟ. ಆ ಆನೆಯ ನಡೆ ಏಕೆ ತಪ್ಪೆಂಬುದು ವಿವರಣೆಗಾರರು ಹೇಳಿ ಮುಗಿಸುವ ಮೊದಲೇ ನನಗೆ ಹೊಳೆದಿತ್ತು. ಜಗಲಿಯ ಆಟವನ್ನಷ್ಟೇ ಬಲ್ಲವನಾಗಿ ಉಳಿದಿದ್ದರೆ ನನಗೆ ಅಂದು ಏನೂ ಅರ್ಥವಾಗುತ್ತಿರಲಿಲ್ಲ.

ನನ್ನ ದಿನಚರಿ ಸರಳವಾದದ್ದು. ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಇಪ್ಪತ್ತು ನಿಮಿಷ, ಉಚಿತವಾಗಿ ಸಿಗುವ ಲಿಚೆಸ್ ಎಂಬ ಚದುರಂಗದ ಜಾಲತಾಣದಲ್ಲಿ, ಒಂದೇ ಕುದುರೆ ಎರಡು ಕಾಯಿಗಳ ಮೇಲೆ ಬೀಳುವ ಫೋರ್ಕ್, ಹಿಂದಿನ ಕಾಯಿಗೆ ಅಡ್ಡವಾಗಿ ನಿಂತು ಕದಲಲಾಗದ ಪಿನ್, ಇಂಥ ಒಗಟುಗಳನ್ನು ಬಿಡಿಸುತ್ತೇನೆ. ಪೂರ್ತಿ ಉತ್ತರ ಮನಸ್ಸಿನಲ್ಲಿ ಕಾಣುವವರೆಗೆ ಕಾಯಿ ಮುಟ್ಟುವುದಿಲ್ಲ. ಪಂದ್ಯಾವಳಿಯಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮವಿರುವುದರಿಂದ, ಈ ಅಭ್ಯಾಸವನ್ನು ಮನೆಯಲ್ಲೇ ರೂಢಿಸಿಕೊಂಡದ್ದು ಒಳ್ಳೆಯದಾಯಿತು. ವಾರಕ್ಕೆ ಎರಡು ಆಟ ಮಾತ್ರ ಆಡುತ್ತೇನೆ, ಆದರೆ ನಿಧಾನದ ಆಟ. ಮೂರು ನಿಮಿಷದ ಬ್ಲಿಟ್ಜ್ ಆಟಗಳನ್ನು ಒಂದು ವರ್ಷ ಪೂರ್ತಿ ಬಿಟ್ಟಿದ್ದೆ. ಅವು ನನ್ನ ಹಳೆಯ ತಪ್ಪುಗಳನ್ನೇ ಮತ್ತೆ ಗಟ್ಟಿಮಾಡುತ್ತಿದ್ದವು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ನೂರು ಪುಟದ ಒಂದು ನೋಟ್‌ಬುಕ್. ಆಡಿದ ಪ್ರತಿ ಆಟವನ್ನೂ ಅದರಲ್ಲಿ ಬರೆದು, ನಾನು ಹೆಚ್ಚು ಹೊತ್ತು ಯೋಚಿಸಿದ ಮೂರು ಕಡೆ ಏನೆಂದುಕೊಂಡು ಆ ನಡೆ ಇಟ್ಟೆನೆಂಬುದನ್ನು ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇನೆ. ಸರಿಯಾದ ನಡೆ ಹೇಳುವ ಕಂಪ್ಯೂಟರ್ ಎಂಜಿನ್ ತೆರೆಯುವುದು ಅದಾದ ಮೇಲೆ. ಮೊದಲೇ ತೆರೆದರೆ ಸರಿಯುತ್ತರ ಸಿಗುತ್ತದೆ, ನನ್ನ ಯೋಚನೆ ಎಲ್ಲಿ ಮುರಿಯಿತೆಂಬುದು ಮಾತ್ರ ಸಿಗುವುದಿಲ್ಲ. ನಲವತ್ತು ಆಟಗಳಾದ ಮೇಲೆ ಪುಟ ತಿರುವಿ ನೋಡಿದಾಗ, ಸೋತ ಆಟಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಒಂದೇ ಕಾರಣಕ್ಕೆ ಸೋತಿದ್ದವು: ಎದುರಾಳಿ ಆಗಷ್ಟೇ ಇಟ್ಟ ನಡೆ ಏನು ಮಾಡಲಿದೆ ಎಂದು ಕೇಳಿಕೊಳ್ಳದೆ ನನ್ನ ಯೋಜನೆಯನ್ನೇ ಮುಂದುವರಿಸಿದ್ದೆ. ಅಂದಿನಿಂದ ನಡೆ ಇಡುವ ಮೊದಲು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮಗಳು ಈಗ ನನಗಿಂತ ಚೆನ್ನಾಗಿ ಆಡುತ್ತಾಳೆ. ಭಾನುವಾರ ಇಬ್ಬರೂ ಆನೆ ಮತ್ತು ಕಾಲಾಳಿನ ಅಂತ್ಯದಾಟಗಳನ್ನು ಹಲಗೆಯ ಮೇಲೆ ಇಟ್ಟುಕೊಂಡು ಕೂರುತ್ತೇವೆ: ಏಳನೆಯ ಮನೆಯ ಕಾಲಾಳಿನ ಮುಂದೆ ಸಿಕ್ಕಿಕೊಂಡ ಬಿಳಿಯ ರಾಜನನ್ನು ಹೊರತರಲು, ಬಿಳಿಯ ಆನೆಯನ್ನು ನಾಲ್ಕನೆಯ ಅಡ್ಡಸಾಲಿಗೆ ತಂದು ಚೆಕ್‌ಗಳಿಗೆ ತಡೆಯೊಡ್ಡುವ ಲುಸೆನಾ ಸ್ಥಿತಿ ಈ ತಿಂಗಳ ಪಾಠ. ಬಿಳಿಯ ಕಡೆಯಿಂದ ನನಗೆ ಅದು ಬಂದಿದೆ. ಕಪ್ಪಿನ ಕಡೆಯಿಂದ, ಅಂಥ ಸ್ಥಿತಿಯೇ ಬಾರದಂತೆ ತಡೆಯುವುದನ್ನು ಅವಳು ಹೇಳಿಕೊಡುತ್ತಿದ್ದಾಳೆ.