ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಸ್ಮಾಗ್ ಚೆಕ್‌ಗೆ ತಯಾರಿ ಹೇಗೆ?

ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮ ಹುಡುಗರಲ್ಲಿ ಕೆಲವರಿಗೆ ಹಳೆಯ ಮಾಜ್ದಾ ಮಿಯಾಟಾ ಅಥವಾ ಹೋಂಡಾ ಎಸ್2000 ಹುಚ್ಚು. ಕೊಂಡ ಮೇಲೆ ಎದುರಾಗುವುದು ಸ್ಮಾಗ್ ಚೆಕ್, ಅಂದರೆ ಅಲ್ಲಿನ ಸರ್ಕಾರಿ ಹೊಗೆ ತಪಾಸಣೆ. ಇದು ನಮ್ಮೂರಿನ ಪಿಯುಸಿ ಥರ ಅಲ್ಲ. 2000 ಮತ್ತು ನಂತರದ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಸೈಲೆನ್ಸರ್‌ಗೆ ಪೈಪು ತೂರಿಸುವುದಿಲ್ಲ. ಕಾರಿನ ಕಂಪ್ಯೂಟರ್‌ಗೆ ವೈರು ಸಿಕ್ಕಿಸಿ ಓದುತ್ತಾರೆ, ಬಾನೆಟ್ ಎತ್ತಿ ನೋಡುತ್ತಾರೆ.

ಮೊದಲ ಕೆಲಸ ಕೊಳ್ಳುವಾಗಲೇ. ಇಂಥ ಹಳೆಯ ಕಾರಿಗೆ 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಮಾರುವವನ ಹೊಣೆ. ‘ನೀವೇ ಮಾಡಿಸಿಕೊಳ್ಳಿ, ಬೆಲೆ ಇಳಿಸ್ತೀನಿ’ ಅಂದರೆ ಏನೋ ಇದೆ ಎಂದೇ ಅರ್ಥ.

ಆಮೇಲೆ ಹಳೇ ಮಾಲೀಕನ ಕೈಚಳಕ ಹುಡುಕಿ. ಸ್ಪೋರ್ಟ್ಸ್ ಕಾರನ್ನು ಯಾರೂ ಸುಮ್ನೆ ಬಿಟ್ಟಿರುವುದಿಲ್ಲ, ಅಲ್ವಾ? ಬೇರೆ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ), ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಕೊಳವೆ), ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಇಳಿಸುವ ಭಾಗ) ಹಾಕಿದ್ದರೆ ಅದಕ್ಕೆ ರಾಜ್ಯದ ವಾಯು ಮಂಡಳಿ ಕೊಟ್ಟ ಇಒ ನಂಬರ್ ಎಂಬ ಅನುಮತಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಕಂಪನಿಯ ಮೂಲ ಭಾಗವನ್ನೇ ಹಾಕಿಸಿ. ಬಿಚ್ಚಿಟ್ಟ ಹಳೇ ಸಾಮಾನು ಮಾರುವವನ ಗ್ಯಾರೇಜಿನಲ್ಲೇ ಇರಬಹುದು, ವ್ಯಾಪಾರ ಕುದುರಿಸುವಾಗಲೇ ಕೇಳಿ. ಎಂಜಿನ್‌ನ ಸಾಫ್ಟ್‌ವೇರ್ ತಿದ್ದಿದ್ದರೂ ಫೇಲ್. ಜುಲೈ 2021ರಿಂದ ಅದನ್ನೂ ನೋಡುತ್ತಿದ್ದಾರೆ.

ಚೆಕ್ ಎಂಜಿನ್ ಲೈಟ್ ಉರಿಯುತ್ತಿದ್ದರೆ ಅಗ್ಗದ ಒಬಿಡಿ ರೀಡರ್‌ನಿಂದ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ಸಾಧನ) ದೋಷದ ಕೋಡ್ ಓದಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಲೈಟ್ ಬರುತ್ತದೆ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದ ತಕ್ಷಣ ಕನ್ವರ್ಟರ್‌ಗೆ ದುಡ್ಡು ಸುರಿಯಬೇಡಿ. ಎಕ್ಸಾಸ್ಟ್ ಸೋರಿಕೆ, ಆಕ್ಸಿಜನ್ ಸೆನ್ಸರ್ ನೋಡಿಸಿದ ಮೇಲೆ ಆ ಮಾತು.

ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಟೆಸ್ಟ್‌ನ ಹಿಂದಿನ ರಾತ್ರಿ ಕೋಡ್ ಅಳಿಸುತ್ತಾರೆ, ಇಲ್ಲವೇ ಬ್ಯಾಟರಿ ವೈರು ಕಳಚುತ್ತಾರೆ. ಲೈಟೇನೋ ಆರುತ್ತದೆ. ಆದರೆ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕವೆಲ್ಲ ಹೋಗಿ, ಮಾನಿಟರ್‌ಗಳು, ಅಂದರೆ ಆ ಸ್ವಯಂ ಪರೀಕ್ಷೆಗಳು, ‘ರೆಡಿ ಇಲ್ಲ’ ಎನ್ನುತ್ತವೆ. 2000 ಮತ್ತು ನಂತರದ ಪೆಟ್ರೋಲ್ ಕಾರಿನಲ್ಲಿ ಇವ್ಯಾಪ್ (ಪೆಟ್ರೋಲ್ ಆವಿ ಸೋರದಂತೆ ತಡೆಯುವ ವ್ಯವಸ್ಥೆ) ಒಂದನ್ನು ಬಿಟ್ಟು ಉಳಿದವೆಲ್ಲ ರೆಡಿ ಇರಬೇಕು. ವಾರಗಟ್ಟಲೆ ಶೆಡ್‌ನಲ್ಲೇ ನಿಲ್ಲುವ ಕಾರಿನಲ್ಲಿ ಬ್ಯಾಟರಿ ಸತ್ತರೂ ಇದೇ ಕಥೆ.

ಇದಕ್ಕೆ ಮದ್ದು ಓಡಿಸುವುದೇ. ಟ್ಯಾಂಕ್ ಅರ್ಧದಷ್ಟಿರಲಿ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಹಾಗೇ ಬಿಡಿ. ಊರೊಳಗೆ ಸ್ವಲ್ಪ ಸುತ್ತಿ. ಆಮೇಲೆ ಫ್ರೀವೇಯಲ್ಲಿ ಗಂಟೆಗೆ 55ರಿಂದ 60 ಮೈಲಿಯ ಒಂದೇ ವೇಗ ಹಿಡಿದು ಹೋಗಿ. ಹಿಂದೆ ಗಾಡಿ ಇಲ್ಲದಾಗ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮುಟ್ಟದೆ ವೇಗ ಇಳಿಯಲು ಬಿಡಿ. ನಾಲ್ಕಾರು ದಿನ ಹೀಗೆ ಓಡಿಸಿ, ರೀಡರ್‌ನಲ್ಲಿ ಮಾನಿಟರ್ ನೋಡುತ್ತಿರಿ. ಒಂದೊಂದು ಕಾರಿನ ಕ್ರಮ ಒಂದೊಂದು ಥರ. ನಿಮ್ಮ ಮಾಡೆಲ್‌ನ ಸರ್ವಿಸ್ ಮಾಹಿತಿಯಲ್ಲಿ ಅದು ಸಿಗುತ್ತದೆ.

2010 ಮತ್ತು ನಂತರದ ಮಾಡೆಲ್‌ಗಳಲ್ಲಿ ಪರ್ಮನೆಂಟ್ ಕೋಡ್ ಅಂತ ಇನ್ನೊಂದಿದೆ. ಅದು ರೀಡರ್‌ನಿಂದ ಅಳಿಸಿದರೂ ಜಗ್ಗುವುದಿಲ್ಲ. ರಿಪೇರಿ ಮಾಡಿಸಿ ಓಡಿಸಬೇಕು, ಅಷ್ಟೇ.

ಹೊಗೆ ಕಡಿಮೆ ಮಾಡುತ್ತೇವೆನ್ನುವ, ಪೆಟ್ರೋಲಿಗೆ ಬೆರೆಸುವ ಬಾಟಲಿಗಳಿಗೆ ದುಡ್ಡು ದಂಡ ಮಾಡಬೇಡಿ. ಆ ದುಡ್ಡಿಗೆ ಮೊದಲು ಪ್ರೀ-ಟೆಸ್ಟ್ ಮಾಡಿಸಿ. ಅದರಲ್ಲಿ ಸರ್ಟಿಫಿಕೇಟ್ ಸಿಗುವುದಿಲ್ಲ, ಆದರೆ ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು ತಿಳಿಯುತ್ತದೆ. ‘ಪ್ರೀ-ಟೆಸ್ಟ್ ಸಾಕು’ ಎಂದು ಕೀಲಿ ಕೊಡುವ ಮೊದಲೇ ಹೇಳಿ.