ಮ್ಯಾಕ್ ತಡೆದಾಗ ಡ್ರಾಯಿಂಗ್ ಟ್ಯಾಬ್ಲೆಟ್ ಡ್ರೈವರ್ ಅಳವಡಿಸುವ ಬಗೆ

ಡ್ರಾಯಿಂಗ್ ಟ್ಯಾಬ್ಲೆಟ್ ಕಂಪ್ಯೂಟರ್‌ನೊಂದಿಗೆ ಕೆಲಸ ಮಾಡಲು ಬೇಕಾದ ತಂತ್ರಾಂಶವಾದ ಡ್ರೈವರ್ ಅನ್ನು ಮ್ಯಾಕ್ ತಡೆದರೆ ಭದ್ರತಾ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸಬೇಕಾಗಿಲ್ಲ. ಆ ಒಂದು ತಂತ್ರಾಂಶಕ್ಕೆ ಅನುಮತಿ ನೀಡಿದರೆ ಸಾಕು. ಮೊದಲು ಹಳೆಯ ಡ್ರೈವರ್ ಇದ್ದರೆ, ಅದರಲ್ಲೂ ಬೇರೆ ಕಂಪನಿಯದ್ದಾಗಿದ್ದರೆ, ಅದನ್ನು ತೆಗೆದುಹಾಕಿ, ಹೊಸದನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು.

ಇನ್‌ಸ್ಟಾಲರ್ ತೆರೆಯದೆ ಎಚ್ಚರಿಕೆಯ ಸಂದೇಶ ಬಂದರೆ ಅದನ್ನು ಮುಚ್ಚಿ, ಸಿಸ್ಟಮ್ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ' ವಿಭಾಗದ ಕೆಳಭಾಗಕ್ಕೆ ಹೋಗಿ 'ಓಪನ್ ಎನಿವೇ' ಗುಂಡಿಯನ್ನು ಒತ್ತಬೇಕು. ಈ ಗುಂಡಿ ಸುಮಾರು 1 ಗಂಟೆ ಮಾತ್ರ ಕಾಣಿಸುತ್ತದೆ. ಮಾಯವಾಗಿದ್ದರೆ ಇನ್‌ಸ್ಟಾಲರ್ ಅನ್ನು ಮತ್ತೊಮ್ಮೆ ತೆರೆಯಲು ಯತ್ನಿಸಬೇಕು. ಕಂಟ್ರೋಲ್ ಕೀಲಿ ಒತ್ತಿ ಕ್ಲಿಕ್ ಮಾಡುವ ಹಳೆಯ ಉಪಾಯ 2024ರ ಮ್ಯಾಕ್‌ಓಎಸ್ ಸಿಕೋಯಾ ಆವೃತ್ತಿಯಿಂದ ನಡೆಯುವುದಿಲ್ಲ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಡ್ರೈವರ್ ಅಳವಡಿಕೆಯಾಗಿದ್ದರೂ ಪೆನ್ನು ಕರ್ಸರ್ ಅನ್ನು ಅಲುಗಿಸುವುದಿಲ್ಲ, ಇಲ್ಲವೇ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುವುದಿಲ್ಲ. ಅದೇ ವಿಭಾಗದ 'ಆಕ್ಸೆಸಿಬಿಲಿಟಿ' ಮತ್ತು 'ಇನ್‌ಪುಟ್ ಮಾನಿಟರಿಂಗ್' ಪಟ್ಟಿಗಳಲ್ಲಿ ಡ್ರೈವರ್‌ನ ಹೆಸರಿನ ಮುಂದಿರುವ ಸ್ವಿಚ್ಚನ್ನು ಆನ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು. ಈ ಕಟ್ಟುನಿಟ್ಟು ಕಿರಿಕಿರಿ ಎನಿಸಬಹುದು. ಆದರೆ ಬೇರೆ ತಂತ್ರಾಂಶಗಳಲ್ಲಿ ನಾವು ಟೈಪಿಸುವುದನ್ನು ಗಮನಿಸಬಲ್ಲ ಅನುಮತಿಯೂ ಇದೇ ಆಗಿರುವುದರಿಂದ, ಕೇಳಿಯೇ ಕೊಡುವುದು ನ್ಯಾಯ.

ಸ್ವಿಚ್ಚು ಆನ್ ಆಗಿಯೇ ಇದ್ದು ಪೆನ್ನು ಮಾತ್ರ ಸುಮ್ಮನಿದ್ದರೆ, ಡ್ರೈವರ್‌ನ ಹೆಸರನ್ನು ಕಳೆಯುವ ಚಿಹ್ನೆಯಿಂದ ಪಟ್ಟಿಯಿಂದ ಅಳಿಸಿ, ಕೂಡುವ ಚಿಹ್ನೆಯಿಂದ ಮತ್ತೆ ಸೇರಿಸಬೇಕು. ಮ್ಯಾಕ್‌ಓಎಸ್ ಅಪ್‌ಡೇಟ್ ಆದ ಬಳಿಕ ಪೆನ್ನು ಮುಷ್ಕರ ಹೂಡಿದಾಗಲೂ ಮೊದಲು ಪರೀಕ್ಷಿಸಬೇಕಾದದ್ದು ಈ ಎರಡು ಪಟ್ಟಿಗಳನ್ನೇ.