ಬರೀ ಆಹಾರದಿಂದ ಇಲಿಗೆ ಪ್ಯಾಂಕ್ರಿಯಾಸ್ ಉರಿಯೂತ: ಪ್ರಯೋಗ ನಡೆಯುವುದು ಹೀಗೆ

ಪ್ಯಾಂಕ್ರಿಯಾಸ್, ಅಂದರೆ ಮೇದೋಜ್ಜೀರಕ ಗ್ರಂಥಿ, ಜಠರದ ಹಿಂದೆ ಅಡಗಿ ಕೂತಿರುತ್ತದೆ. ಅದು ಊದಿಕೊಂಡು ಹೊಟ್ಟೆನೋವು ತಡೆಯಲಾರದೆ ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಕಾಯಿಲೆ ಶುರುವಾಗಿ ಎಷ್ಟೋ ಹೊತ್ತಾಗಿರುತ್ತದೆ. ಮೊದಮೊದಲು ಒಳಗೆ ಏನಾಯಿತು ಅಂತ ನೋಡಲು ಇಲಿಯೇ ಬೇಕು. 1975ರಲ್ಲಿ ಲೊಂಬಾರ್ಡಿ ಎಂಬ ಸಂಶೋಧಕರು ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು. ಸೂಜಿ ಬೇಡ, ಆಪರೇಷನ್ ಬೇಡ, ಆಹಾರ ಸಾಕು.

ಮೊದಲು ಅನುಮತಿ. ನಮ್ಮ ದೇಶದಲ್ಲಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಬೇಕು. ಎಷ್ಟು ಇಲಿ, ನರಳಾಟ ಜಾಸ್ತಿಯಾದರೆ ಯಾವಾಗ ನಿಲ್ಲಿಸುವುದು, ಎಲ್ಲ ಮೊದಲೇ ಬರೆದುಕೊಡಬೇಕು. ಇದರಲ್ಲಿ ಸಡಿಲ ಬಿಡಲೇಬಾರದು. ಆ ಮೂಲ ಪ್ರಯೋಗದಲ್ಲಿ 5 ದಿನದೊಳಗೆ ಇಲಿಗಳೆಲ್ಲ ಸತ್ತಿದ್ದವು.

ಆಮೇಲೆ ಇಲಿ ಆರಿಸುವುದು. ಎಳೆಯ ಹೆಣ್ಣಿಲಿಗಳೇ ಆಗಬೇಕು. ಗಂಡಿಲಿ ಅಷ್ಟು ಬೇಗ ಜಗ್ಗುವುದಿಲ್ಲ. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಕೊಟ್ಟರೆ ಮಾತ್ರ ಅದಕ್ಕೂ ಕಾಯಿಲೆ ಬರುತ್ತದೆ.

ಮೂರನೆಯದು ಇಲಿಗೆ ತಿನ್ನಿಸುವ ಹಿಟ್ಟು. ಮೊಟ್ಟೆ, ಸೋಯಾದಲ್ಲಿ ಸಿಗುವ ಕೋಲಿನ್ ಎಂಬ ಪೋಷಕಾಂಶ ಇದರಲ್ಲಿ ಇರಬಾರದು. ಬದಲಿಗೆ 0.5% ಎಥಿಯೊನೈನ್ ಬೆರೆಸುತ್ತಾರೆ. ಇದು ಮೆಥಿಯೊನೈನ್ ಎಂಬ ಅಮೈನೊ ಆಮ್ಲದ ನಕಲು. ದೇಹ ಅಸಲಿ ಅಂದುಕೊಂಡು ಬಳಸಿ ಕೆಡುತ್ತದೆ. ನಮ್ಮ ಅಡುಗೆಮನೆಯ ವಸ್ತುವಲ್ಲ ಅದು. ಹಾಗಾಗಿ ‘ಇಲಿಗೆ ಊಟದಿಂದಲೇ ಬಂತಂತೆ’ ಅಂತ ಓದಿ ಸುಮ್ನೆ ಗಾಬರಿಯಾಗಬೇಡಿ. ಮನುಷ್ಯರಲ್ಲಿ ಪಿತ್ತಕೋಶದ ಕಲ್ಲು ಮತ್ತು ಮದ್ಯವೇ ದೊಡ್ಡ ಕಾರಣಗಳು.

ನಿಜವಾದ ಕಷ್ಟ ತೂಗುವುದರಲ್ಲಿದೆ. ಕಡಿಮೆ ತಿಂದ ಇಲಿಗೆ ಕಾಯಿಲೆಯೂ ಕಡಿಮೆ, ಅಲ್ವಾ? ಇಲಿಗಳೋ ಬಟ್ಟಲು ಕೆದರಿ ಅರ್ಧ ಹಿಟ್ಟನ್ನು ಹೊಟ್ಟಿನ ಹಾಸಿಗೆಗೆ ಚೆಲ್ಲಿಬಿಡುತ್ತವೆ. ಬಟ್ಟಲಲ್ಲಿ ಉಳಿದದ್ದು, ಚೆಲ್ಲಿದ್ದು ಎರಡನ್ನೂ ದಿನಾ ಲೆಕ್ಕ ಹಿಡಿಯದಿದ್ದರೆ ಫಲಿತಾಂಶ ನಂಬುವ ಹಾಗಿಲ್ಲ.

ಅಷ್ಟರಲ್ಲಿ ಗ್ರಂಥಿಯೊಳಗೆ ಅನಾಹುತ ಶುರುವಾಗಿರುತ್ತದೆ. ಜೀರ್ಣರಸದ ಕಿಣ್ವಗಳು ಸಾಮಾನ್ಯವಾಗಿ ಕರುಳು ಸೇರಿದ ಮೇಲೆಯೇ ಚುರುಕಾಗಬೇಕು. ಇಲ್ಲಿ ಹೊರಗೆ ಹೋಗುವ ದಾರಿ ಕಟ್ಟಿ, ಅವು ಜೀವಕೋಶದಲ್ಲೇ ತುಂಬಿಕೊಳ್ಳುತ್ತವೆ. ಜೀವಕೋಶದ ಕಸ ಅರಗಿಸುವ ಚೀಲಗಳಾದ ಲೈಸೊಸೋಮ್‌ಗಳ ಜೊತೆ ಬೆರೆತು ಅಲ್ಲೇ ಎಚ್ಚರಗೊಳ್ಳುತ್ತವೆ. ಗ್ರಂಥಿ ತನ್ನನ್ನು ತಾನೇ ಅರಗಿಸಿಕೊಳ್ಳತೊಡಗುತ್ತದೆ.

ಕೊನೆಗೆ ಪರೀಕ್ಷೆ. ರಕ್ತದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಅಳೆಯುತ್ತಾರೆ, ಗ್ರಂಥಿಯ ತೆಳು ಚೂರಿಗೆ ಬಣ್ಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡುತ್ತಾರೆ. ಹೊಟ್ಟೆ ತೆರೆದಾಗ ಕೊಬ್ಬಿನ ಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕಿಗಳು. ಒಡೆದ ಕೊಬ್ಬು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂತೆ ಗಟ್ಟಿಯಾಗಿರುತ್ತದೆ. ಕಾಯಿಲೆ ತೀವ್ರವಾದ ರೋಗಿಯ ಹೊಟ್ಟೆಯಲ್ಲಿ ಸರ್ಜನ್‌ಗಳಿಗೆ ಕಾಣುವುದೂ ಇದೇ ಚುಕ್ಕಿಗಳು.